ಹೇರ್‌ಪಿನ್ನಿನಷ್ಟು ಸಂದು

ಫೆಬ್ರವರಿ ೪

ಪ್ರೀತಿಯ ಬುಗುರಿ,

ಇಲ್ಲಿ ನಾನು ಕ್ಷೇಮ, ಬೋಟು ಕ್ಷೇಮವಿಲ್ಲ. ಫೋನು ಮಾಡದೆ ಕಾಗದ ಬರೆಯುತ್ತಿರುವುದು ಏಕೆಂದು ನಿನಗೆ ಗೊತ್ತು. ಈ ದಡದಲ್ಲಿ ಸಿಗ್ನಲ್ ಇಲ್ಲ ಎಂಬುದು ನೆಪ. ಸಿಗ್ನಲ್ ಸಿಕ್ಕರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ ಎಂಬುದು ನಿಜ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ಹೋದ ವಾರ ನರ್ಸಮ್ಮನನ್ನೂ ಅವರ ಔಷಧಿ ಪೆಟ್ಟಿಗೆಗಳನ್ನೂ ಮೇಲಿನ ಮನೆಗಳಿಗೆ ಕರೆದೊಯ್ಯುತ್ತಿದ್ದೆ. ದೊಡ್ಡ ತಿರುವಿನಲ್ಲಿ, ನೀರು ಮೊಣಕಾಲುದ್ದ ಇರುತ್ತದಲ್ಲ, ಅಲ್ಲಿ ಬೋಟಿನ ಪಂಪು ಒಂದು ಬೊಗಸೆ ಜಲ್ಲಿ ನುಂಗಿತು. ಎಂಥ ಸದ್ದು ಎಂದರೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಹಾಗಾಯಿತು. ನರ್ಸಮ್ಮ ಕೇಳಿದರು: "ಯಜಮಾನ್ರೇ, ಕೆಳಗಡೆ ನೀರು ತಳ್ಳೋ ಫ್ಯಾನೇ ಇಲ್ಲ ಅಂತೀರಿ, ಮತ್ತೆ ಮುರಿದಿದ್ದೇನು?"

ಹುಟ್ಟು ಹಾಕಿಕೊಂಡು ವಾಪಸು ಬರುವಷ್ಟು ಹೊತ್ತೂ ಅವರಿಗೆ ಪಾಠ ಮಾಡಿದೆ. ನೋಡಮ್ಮಾ, ಜೆಟ್ ಬೋಟು ಹೊಟ್ಟೆಯಡಿಯಿಂದ ನೀರು ಹೀರುತ್ತದೆ. ಒಳಗಿನ ಪಂಪಿನ ಚಕ್ರ ಅದನ್ನು ಬೆನ್ನ ಹಿಂದಕ್ಕೆ ರಭಸವಾಗಿ ಉಗುಳುತ್ತದೆ. ಅದಕ್ಕೇ ನಾವು ಮುಂದೆ ಹೋಗುವುದು. ಎವೆರಿ ಆಕ್ಷನ್ ಹ್ಯಾಸ್ ಆನ್ ಈಕ್ವಲ್ ಅಂಡ್... ಮುಂದಿನ ಪದ ಬಾಯಿಗೆ ಬರಲಿಲ್ಲ. ಕಾಲೇಜಿನಲ್ಲೂ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಅದೇ ಪದದ ಹತ್ತಿರ. ನರ್ಸಮ್ಮ, "ಪರವಾಗಿಲ್ಲ, ನೀವು ಹುಟ್ಟು ಹಾಕಿ" ಎಂದರು.

ಮಾರ್ಚ್ ಕೊನೆಯಲ್ಲಿ ಬೋಟು ತಪಾಸಣೆಯವರು ಬರುತ್ತಾರೆ. ಪಂಪು ರಿಪೇರಿಯಾದ ಬೋಟಿಗೆ ಎರಡು ದಾರಿ. ಶಾಪಿನ ಸರ್ಟಿಫಿಕೇಟು ತೋರಿಸಿದರೆ ಕಟ್ಟೆಯ ಮೇಲೇ ಸಹಿ. ಇಲ್ಲವೇ, ಭರ್ತಿ ಭಾರ ಹೇರಿಕೊಂಡು, ಅವರನ್ನೂ ಕೂರಿಸಿಕೊಂಡು, ಹರಿವಿಗೆ ಎದುರಾಗಿ ದೊಡ್ಡ ತಿರುವು ದಾಟಿ ತೋರಿಸಬೇಕು. ದಾಟದಿದ್ದರೆ ಲೈಸೆನ್ಸು ಹೋಯಿತು. ನರ್ಸಮ್ಮ ಮೇಲಿನ ಮನೆಗಳಿಗೆ ಬಂಡೆ ಹತ್ತಿಳಿದು ನಡೆದೇ ಹೋಗಬೇಕು. ನಾನು ಬಾಗಿಲಲ್ಲಿ ಕೂತು ನದಿ ನೋಡುತ್ತಾ ಕೆಮ್ಮಬೇಕು.

ನಾನು ಎರಡನೇ ದಾರಿ ಹಿಡಿದಿದ್ದೇನೆ. ಪಂಪು ನಾನೇ ಬಿಚ್ಚುತ್ತೇನೆ, ನಾನೇ ಕೂಡಿಸುತ್ತೇನೆ. ನಿನ್ನ ಶಾಪಿಗೆ ಕಳಿಸುವುದಿಲ್ಲ ಎಂದು ನೀನು ಕೇಳುವ ಮೊದಲೇ ಹೇಳುತ್ತಿದ್ದೇನೆ. ನಿನ್ನಕ್ಕ ಹೋದ ಮೇಲೆ ಅದನ್ನು ಬಿಚ್ಚುತ್ತಿರುವುದು ಇದೇ ಮೊದಲು. ಅಷ್ಟೇ ವಿಷಯ.

ನಿನ್ನ ಭಾವ

---

ಫೆಬ್ರವರಿ ೧೧

ಭಾವ,

ಶಾಪಿನ ಹೆಸರು ಅಚ್ಚಾದ ಕಾಗದದಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕೌಂಟರಿನಲ್ಲಿ ಕೈಗೆ ಸಿಕ್ಕಿದ್ದು ಇದೇ.

ದಯವಿಟ್ಟು ಪಂಪು ಬಿಚ್ಚಬೇಡಿ. ಇದ್ದ ಹಾಗೇ ಪೆಟ್ಟಿಗೆಗೆ ಹಾಕಿ ಸರಕಿನ ಲಾರಿಗೆ ಕೊಟ್ಟುಬಿಡಿ. ಇಲ್ಲಿ ಪರೀಕ್ಷಿಸಲಾಗುವುದು, ಸವೆದದ್ದನ್ನು ಬದಲಿಸಲಾಗುವುದು, ಗ್ಯಾರಂಟಿಯೊಂದಿಗೆ ಹಿಂತಿರುಗಿಸಲಾಗುವುದು. ಸರ್ಟಿಫಿಕೇಟೂ ಸಿಗುತ್ತದೆ. ಖರ್ಚು ನನಗೆ ಬಿಡಿ, ಅದರ ಮಾತು ಬೇಡ.

ನಿಮ್ಮ ಸೊಂಟ ಏನು, ಆ ಪಂಪಿನ ತೂಕ ಏನು. ಇಷ್ಟು ವರ್ಷ ನೀವು ಎತ್ತುತ್ತಿದ್ದಿರಿ, ಅಕ್ಕ ಕೂರಿಸುತ್ತಿದ್ದಳು. ಈಗ ಎತ್ತಿದ ಮೇಲೆ ಕೂರಿಸುವವರು ಯಾರು? ಹಟ ಮಾಡಬೇಡಿ.

ಬುಗುರಿ

---

ಫೆಬ್ರವರಿ ೧೯

ಬುಗುರಿ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್: ಆಗುವುದಿಲ್ಲ.

ಪರೀಕ್ಷಿಸಲಾಗುವುದು, ಬದಲಿಸಲಾಗುವುದು, ಹಿಂತಿರುಗಿಸಲಾಗುವುದು. ಯಾರಿಂದಪ್ಪಾ? ನಮ್ಮ ಇಂಗ್ಲಿಷ್ ಮೇಷ್ಟ್ರು ಇಂಥ ವಾಕ್ಯ ಬರೆದರೆ ಸೀಮೆಸುಣ್ಣದಲ್ಲಿ ಹೊಡೆಯುತ್ತಿದ್ದರು. ಕೆಲಸ ಮಾಡುವವನು ಇಲ್ಲದ ಕೆಲಸ ಅದು ಯಾವುದು, ಒಬ್ಬನ ಹೆಸರು ಹೇಳು ನೋಡೋಣ. ನಿನ್ನ ಶಾಪಿಗೆ ನಾನು ಒಂದೇ ಸಲ ಬಂದಿದ್ದೆ, ನೆನಪಿದೆಯೇ? ಗಾಜಿನ ಬಾಗಿಲು, ಒಳಗೆ ಆಸ್ಪತ್ರೆಯಂಥ ತಣ್ಣನೆ ಗಾಳಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನೀನು. ಅಷ್ಟು ದೊಡ್ಡ ಶಾಪಿನಲ್ಲಿ ಒಬ್ಬನ ಉಗುರಿನಲ್ಲೂ ಗ್ರೀಸು ಕಾಣಲಿಲ್ಲ. ಆವತ್ತೇ ನನಗೆ ಅನುಮಾನ ಬಂದಿತ್ತು, ಮರ್ಯಾದೆಗೆ ಸುಮ್ಮನಿದ್ದೆ.

ಪಂಪು ಬಿಚ್ಚಿಯಾಯಿತು. ಸೊಂಟದ ಸಮಾಚಾರ ಕೇಳಬೇಡ. ಎತ್ತಲಿಲ್ಲ. ಬೋಟಿನಿಂದ ಹಲಗೆ ಇಳಿಸಿ, ಹಳೆಯ ಕಂಬಳಿಯ ಮೇಲೆ ಮಲಗಿಸಿ, ಮದುಮಗಳನ್ನು ಕರೆತಂದ ಹಾಗೆ ನಿಧಾನಕ್ಕೆ ಎಳೆದುಕೊಂಡು ಅಡುಗೆಮನೆಗೆ ತಂದೆ. ಅದೇ ಹಲಗೆ ಓರೆ ಇಟ್ಟು ಮೇಜಿಗೂ ಜಾರಿಸಿದೆ. ಅದೇ ಮೇಜು, ಅದೇ ಹರಿದ ಚಾದರ. ನಿನ್ನಕ್ಕ ಕೂರುತ್ತಿದ್ದ ಕಡೆ ನಾನು ಕೂತೆ. ಎಷ್ಟೋ ವರ್ಷ ಆ ಮೇಜಿನ ಎದುರು ನಿಂತು ನೋಡಿದವನಿಗೆ ಈ ಕಡೆಯಿಂದ ಎಲ್ಲಾ ತಿರುಗುಮುರುಗು ಕಂಡಿತು. ಎರಡು ದಿನ ಸುಮ್ಮನೆ ನೋಡಿದೆ. ಮೂರನೇ ದಿನ ಕೈ ಹಾಕಿದೆ.

ಜಲ್ಲಿ ಮಾಡಿದ ಹಾಳು ಬಹಳವೇನಿಲ್ಲ. ಚಕ್ರದ ಅಂಚು ಅಲ್ಲಲ್ಲಿ ಮುಕ್ಕಾಗಿತ್ತು, ಅರ ಹಿಡಿದು ಸಮ ಮಾಡಿದೆ. ಅದರ ಸುತ್ತಲಿನ ಬಳೆಗೆ ಬೆರಳು ಇಳಿಯುವಷ್ಟು ಗೀರು ಬಿದ್ದಿತ್ತು. ಹೊಸ ಬಳೆ ನಮ್ಮ ಮಂಚದ ಕೆಳಗೆ ಇತ್ತು. ನಿನ್ನಕ್ಕ ಯಾವತ್ತೋ ತರಿಸಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಟ್ಟದ್ದು. ಬೇರಿಂಗೂ ಹೊಸದು ಹಾಕಿದೆ, ನೀರು ತಡೆಯುವ ಸೀಲೂ ಹೊಸದು. ಉಳಿದದ್ದು ಚಕ್ರಕ್ಕೂ ಬಳೆಗೂ ನಡುವಿನ ಸಂದು. ಚಕ್ರ ತಾಗಲೂ ಬಾರದು, ನೀರು ಹಿಂದಕ್ಕೆ ಜಾರಲೂ ಬಾರದು, ಅಷ್ಟು ಸಂದು. ಚಕ್ರ ಲೋಟದ ಹಾಗೆ ಒಂದು ಕಡೆ ಕಿರಿದಲ್ಲವೇ, ಹಿಂದಿನಿಂದ ಒಂದೊಂದೇ ತೆಳು ವಾಷರು ತೆಗೆದ ಹಾಗೆ ಬಳೆಯೊಳಗೆ ಇನ್ನಷ್ಟು ಕೂರುತ್ತದೆ, ಸಂದು ಕಿರಿದಾಗುತ್ತದೆ. ಇದನ್ನು ನಿನಗೆ ಹೇಳಬೇಕೇ. ಆದರೂ ಹೇಳುತ್ತೇನೆ, ನನಗೂ ಗೊತ್ತು ಎಂದು ನಿನಗೆ ಗೊತ್ತಾಗಲಿ.

ಆ ಸಂದು ಅಳೆಯಲು ನಿನ್ನ ಶಾಪಿನ ಉಕ್ಕಿನ ಪಟ್ಟಿ ನನಗೆ ಬೇಡ. ನಿನ್ನಕ್ಕನ ಸಾಮಾನು ನನ್ನ ಹತ್ತಿರ ಇದೆ. ಏನೆಂದು ಹೇಳುವುದಿಲ್ಲ. ಟ್ರೇಡ್ ಸೀಕ್ರೆಟ್.

ನಾಡಿದ್ದು ನೀರಿಗೆ ಇಳಿಸುತ್ತೇನೆ.

ನಿನ್ನ ಭಾವ

---

ಮಾರ್ಚ್ ೨

ಬುಗುರಿ,

ಉತ್ತರ ಬರಲಿಲ್ಲ. ಕೋಪ ಬಂದಿರಬೇಕು. ಬರಲಿ.

ಟ್ರಯಲ್ ಆಯಿತು. ರಿಸಲ್ಟ್ ಸ್ಯಾಟಿಸ್‌ಫ್ಯಾಕ್ಟರಿ. ಹೆಚ್ಚಿಗೆ ಬರೆಯಲು ಪುರುಸೊತ್ತಿಲ್ಲ, ಹವೆ ಚೆನ್ನಾಗಿದೆ, ನದಿಯಲ್ಲಿ ನೀರು ಸಾಕಷ್ಟಿದೆ, ಕೊಕ್ಕರೆಗಳು ಬಂದಿವೆ.

ಒಂದು ವಿಷಯ ಸುಮ್ಮನೆ ಕೇಳುತ್ತೇನೆ, ಜನರಲ್ ನಾಲೆಡ್ಜ್‌ಗೆ. ನಮ್ಮದಲ್ಲ, ಬೇರೆ ಯಾರದೋ ಬೋಟು ಎಂದಿಟ್ಟುಕೋ. ಎಂಜಿನ್ನು ಕಿರುಚುತ್ತದೆ, ಬೋಟು ಕದಲುವುದಿಲ್ಲ. ಸೀಲು ಸರಿ, ಬೋಟಿನೊಳಗೆ ನೀರು ಸೋರುತ್ತಿಲ್ಲ. ನೀರು ಹೀರುವ ಕಡೆಯ ಜಾಲರಿಯಲ್ಲಿ ಕಸವಿಲ್ಲ. ನಿಮ್ಮ ಶಾಪಿನಲ್ಲಿ ಇದಕ್ಕೆ ಏನೆನ್ನುತ್ತಾರೆ?

ನಿನ್ನ ಭಾವ

---

ಮಾರ್ಚ್ ೬

ಭಾವ,

ಸ್ಯಾಟಿಸ್‌ಫ್ಯಾಕ್ಟರಿ ಎಂದು ಬರೆದಿದ್ದೀರಿ. ಕಾಲೇಜಿನಲ್ಲಿ ಫೇಲಾಗಿ ಓದು ಬಿಟ್ಟ ವರ್ಷ ಮನೆಗೆ ಬರೆದ ಕಾಗದದಲ್ಲೂ ನೀವು ಅದೇ ಪದ ಹಾಕಿದ್ದಿರಂತೆ. ಅಕ್ಕ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ.

ಆ ಬೇರೆ ಯಾರೋ ಇದ್ದಾರಲ್ಲ, ಅವರಿಗೆ ಹೇಳಿ: ಪಂಪು ನೀರನ್ನು ಹಿಡಿಯುತ್ತಿಲ್ಲ. ಮನೆಯಲ್ಲಿ ಮಾಡಿದ ಕೆಲಸ ಅಷ್ಟೇ ಆಗುವುದು. ತಪಾಸಣೆಗೆ ಇನ್ನು ಹೆಚ್ಚು ದಿನ ಇಲ್ಲ. ಹಟ ಸಾಕು ಎನ್ನಿ. ಮಂಗಳವಾರ ಲಾರಿ ನಿಮ್ಮ ಕಟ್ಟೆಗೆ ಬರುತ್ತದೆ, ಚಾಲಕನಿಗೆ ಹೇಳಿದ್ದೇನೆ.

ಬುಗುರಿ

---

ಮಾರ್ಚ್ ೧೨

ಶಾಪಿನ ಕೌಂಟರಿನವರಿಗೆ,

ಮಾನ್ಯರೇ,

ಸಬ್ಜೆಕ್ಟ್: ಜೆಟ್ ಬೋಟಿನ ಪಂಪು ಕಳಿಸುತ್ತಿರುವ ಬಗ್ಗೆ.

ಈ ಪತ್ರದೊಂದಿಗೆ ಒಂದು ಪಂಪನ್ನು ಮರದ ಪೆಟ್ಟಿಗೆಯಲ್ಲಿ ಕಳಿಸಲಾಗಿದೆ. ದಿ ಅಂಡರ್‌ಸೈನ್ಡ್ ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದ್ದು, ಮೂರು ಸಲವೂ ಬೋಟು ಕಟ್ಟೆ ಬಿಟ್ಟು ಕದಲಿರುವುದಿಲ್ಲ. ಸ್ಥಳೀಯ ಆರೋಗ್ಯ ಕೇಂದ್ರದ ದಾದಿಯವರು ಕಟ್ಟೆಯ ಮೇಲೆ ನಿಂತು, "ಬೋಟು ಇಲ್ಲೇ ಇದೆ ಯಜಮಾನ್ರೇ, ಶಬ್ದ ಮಾತ್ರ ಊರು ಬಿಟ್ಟು ಹೋಯ್ತು" ಎಂದಿರುತ್ತಾರೆ. ಅವರ ಮಾತು ಸರಿಯಾಗಿರುತ್ತದೆ.

ತಮ್ಮಲ್ಲಿ ಎರಡು ಕೋರಿಕೆಗಳಿವೆ. ಪಂಪಿನ ಕವಚದ ಒಳಗೋಡೆಗೆ ಪಾಲಿಷ್ ಹೊಡೆಯಬಾರದು. ಕಾರಣ ತಿಳಿಸಲು ಬರುವುದಿಲ್ಲ. ಮತ್ತು ಚಕ್ರದ ಸಂದನ್ನು ದಾರದಲ್ಲಿ ಕಟ್ಟಿ ಕಳಿಸಿರುವ ಹೇರ್‌ಪಿನ್ನಿನಿಂದಲೇ ನೋಡಬೇಕು. ಇದು ನಗುವ ವಿಷಯವಲ್ಲ.

ಯುವರ್ಸ್ ಫೇಯ್ತ್‌ಫುಲಿ,
ಬೋಟಿನ ಮಾಲೀಕ

---

ಮಾರ್ಚ್ ೧೯

ಭಾವ,

ಪೆಟ್ಟಿಗೆ ಬಂತು. ಅದನ್ನು ತೆಗೆಯುವ ಮೊದಲೇ ನಿಮ್ಮ ಕಾಗದದ ಆ ‘ಮಾನ್ಯರೇ’ ಕಣ್ಣಿಗೆ ಬಿತ್ತು. ನೀವು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾನ್ಯರೇ ಎಂದು ಓದಿ ಕೌಂಟರಿನಲ್ಲಿ ನಿಲ್ಲಲಾಗಲಿಲ್ಲ, ಹಿಂದಿನ ಕೋಣೆಗೆ ಹೋದೆ.

ನೀವು ಒಬ್ಬನ ಹೆಸರು ಹೇಳು ಎಂದಿರಿ. ನಾನು ಉತ್ತರ ಬರೆಯಲಿಲ್ಲ, ಕೋಪಕ್ಕಲ್ಲ. ಹೇಳಲು ಹೆಸರಿರಲಿಲ್ಲ. ಈ ಶಾಪಿನಲ್ಲಿ ಪಂಪು ಬಿಚ್ಚುವುದನ್ನು ನಿಲ್ಲಿಸಿ ವರ್ಷಗಳಾದವು. ಹಳೆಯದು ಬಂದರೆ ಹಿಂಬಾಗಿಲಿನಿಂದ ಗುಜರಿಗೆ, ಮುಂಬಾಗಿಲಿನಿಂದ ಹೊಸ ಡಬ್ಬ. ನಿಮಗೂ ಹೊಸದೇ ಬರುತ್ತಿತ್ತು. ಒಳ್ಳೆಯದೇ ಬರುತ್ತಿತ್ತು. ಭಾವ ಒಬ್ಬರೇ ಒದ್ದಾಡುವುದು ತಪ್ಪುತ್ತದೆ, ಬಂದ ಮೇಲೆ ನಾಲ್ಕು ದಿನ ಬೈದು ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಅದಕ್ಕೇ ರಿಪೇರಿ ಎಂದು ಬರೆದೆ.

ಪೆಟ್ಟಿಗೆ ತೆಗೆದಾಗ ಮ್ಯಾನೇಜರು ಪಕ್ಕದಲ್ಲೇ ಇದ್ದರು.

"ಇದೇನಿದು, ಮ್ಯೂಸಿಯಮ್ಮಿಗೆ ಹೋಗ್ಬೇಕಾದದ್ದು ಇಲ್ಲಿ ಬಂದಿದೆ? ಹಿಂದೆ ಹಾಕ್ಸಿ."

"ಸರ್, ಸ್ವಲ್ಪ ಬಿಚ್ಚಿ ನೋಡ್ತೀನಿ."

"ನೋಡಿ ಏನ್ ಮಾಡ್ತೀರಾ? ನಿಮಗೆ ಸಂಬಳ ಕೊಡೋದು ಮಾರೋದಕ್ಕೆ."

ಬಿಚ್ಚಿದೆ. ಪಾಲಿಷ್ ಬೇಡ ಎಂದದ್ದು ಯಾಕೆಂದು ಗೊತ್ತಾಯಿತು. ಒಳಗೋಡೆಯ ಮೇಲೆ ಅಕ್ಕ ಮೊಳೆಯಲ್ಲಿ ಕೊರೆದ ಗೆರೆಗಳು. ಪಂಪು ಕೂಡಿಸಿದ ಪ್ರತಿ ವರ್ಷಕ್ಕೂ ಒಂದು, ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ. ಕೊನೆಯದು ಮಾತ್ರ ಸೊಟ್ಟ. ಅದು ನಿಮ್ಮದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇಂಥದ್ದನ್ನು ನಾನು ಗುಜರಿಗೆ ಹಾಕಿಸುವವನಿದ್ದೆ, ಭಾವ.

ಈಗ ಪಿನ್ನಿನ ವಿಷಯ. ನೀವು ಅಕ್ಕನ ಸಾಮಾನು ಎಂದಾಗ ಆ ಪಿನ್ನೇ ನಿಮ್ಮಲ್ಲಿ ಉಳಿದಿದೆ ಎಂದುಕೊಂಡೆ. ದಾರದಲ್ಲಿ ಕಟ್ಟಿದ್ದನ್ನು ಬೆರಳಿನಲ್ಲಿ ಹಿಡಿದ ಕೂಡಲೇ ಅದಲ್ಲ ಎಂದು ತಿಳಿಯಿತು. ಇದು ಅಂಗಡಿಯಲ್ಲಿ ಸಿಗುವ ಮಾಮೂಲಿ ಪಿನ್ನು, ಕಪ್ಪು ಬಣ್ಣವೂ ಹೋಗಿಲ್ಲ. ಅಕ್ಕ ಸಂದು ನೋಡುತ್ತಿದ್ದ ಪಿನ್ನಿನ ಒಂದು ಕಾಲನ್ನು ಅರದಿಂದ ಉಜ್ಜಿ ಅರ್ಧಕ್ಕರ್ಧ ತೆಳು ಮಾಡಿತ್ತು. ಉಜ್ಜಿದವನು ನಾನೇ, ಅಪ್ಪನ ವರ್ಕ್‌ಶಾಪಿನಲ್ಲಿ. ಉಕ್ಕಿನ ಪಟ್ಟಿಗಳು ದಿನಾ ಕಳೆದುಹೋಗುತ್ತವೆ ಎಂದು ಅಪ್ಪ ಕೂಗಾಡುತ್ತಿದ್ದರು. ಅಕ್ಕ, "ನನ್ನ ತಲೇಲಿ ಇಟ್ಕೊಳ್ಳೋ ಹಾಗೆ ಒಂದು ಮಾಡ್ಕೊಡೋ, ಅದು ಹೆಂಗೆ ಕಳೆದುಹೋಗತ್ತೆ ನೋಡ್ತೀನಿ" ಎಂದಿದ್ದಳು. ಅವತ್ತಿನಿಂದ ಅದು ಅವಳ ಬಲಗಿವಿಯ ಮೇಲೆಯೇ ಇತ್ತು. ಕೊನೆಯ ದಿನವೂ ಇದ್ದಿರಬೇಕು. ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅವಳ ಜೊತೆಯೇ ಹೋಯಿತು.

ನಿಮ್ಮ ಕೈಯಲ್ಲಿ ತಪ್ಪಿಲ್ಲ. ಕೂಡಿಸಿದ್ದನ್ನು ಪೂರ್ತಿ ನೋಡಿದೆ, ಬೇರಿಂಗು, ಸೀಲು, ಬಳೆ, ಎಲ್ಲ ಕೂತಿರುವ ರೀತಿಗೆ ಅಕ್ಕನೂ ಸೊಲ್ಲೆತ್ತುತ್ತಿರಲಿಲ್ಲ. ದಪ್ಪ ಪಿನ್ನು ಹಿಡಿದು ದಪ್ಪ ಸಂದು ಬಿಟ್ಟಿದ್ದೀರಿ. ನೀರೆಲ್ಲ ಅಲ್ಲೇ ಹಿಂದಕ್ಕೆ ಜಾರುತ್ತಿದೆ.

ಅದೇ ಲಾರಿಯಲ್ಲಿ ವಾಪಸು ಕಳಿಸುತ್ತಿದ್ದೇನೆ. ನಾನು ಒಂದು ವಾಷರನ್ನೂ ತೆಗೆದಿಲ್ಲ, ನೀವೇ ತೆಗೆಯಿರಿ. ಹೊಸ ಪಿನ್ನು ಒಂದು ಉಜ್ಜಿ ಇಟ್ಟಿದ್ದೇನೆ. ಅದೇ ಅಳತೆ, ನನ್ನ ಬೆರಳು ಮರೆತಿಲ್ಲ. ಸರ್ಟಿಫಿಕೇಟು ಇಟ್ಟಿಲ್ಲ. ಕೇಳಿದ್ದರೆ ಕೊಡುತ್ತಿದ್ದರೋ ಏನೋ, ಕೇಳಲಿಲ್ಲ.

ಮ್ಯಾನೇಜರಿಗೆ ಹೇಳಿಯೇ ಪೆಟ್ಟಿಗೆ ಹೊರಗೆ ತಂದೆ. ಅವರು ಹೆಚ್ಚೇನೂ ಅನ್ನಲಿಲ್ಲ. ವರ್ಕ್‌ಶಾಪು ಮುಚ್ಚಿದಾಗ ನಾನು ತಂದಿಟ್ಟ ಅಪ್ಪನ ಲೇತು ಯಂತ್ರ ಹಿಂದಿನ ಕೋಣೆಯಲ್ಲಿ ಡಬ್ಬಗಳ ಅಡಿಯಲ್ಲಿದೆ. ಅದನ್ನೂ ಗುಜರಿಯವರು ಬಂದು ನೋಡಿಕೊಂಡು ಹೋದರು. ಇರಲಿ, ಅದು ಬೇರೆ ವಿಷಯ.

ತಿರುವು ದಾಟಿ, ಭಾವ.

ಬುಗುರಿ

---

ಮಾರ್ಚ್ ೩೦

ಬುಗುರಿ,

ಮೊದಲು ಪಿನ್ನಿನ ಸಮಾಚಾರ. ಮೂರು ವಾಷರು ತೆಗೆಯಬೇಕಾಯಿತು. ನಿನ್ನ ಪಿನ್ನು ಬಳೆಯ ಸುತ್ತ ಎಲ್ಲ ಕಡೆ ಹೋಯಿತು, ಒಂದು ಕಡೆಯೂ ಸಡಿಲವಿಲ್ಲ, ಒಂದು ಕಡೆಯೂ ಅಂಟಲಿಲ್ಲ. ಅವಳು ಸಂದು ಸರಿ ಬಂದಾಗ ಹ್ಞೂಂ ಎಂದು ಮೂಗಿನಲ್ಲಿ ಒಂದು ಸದ್ದು ಮಾಡುತ್ತಿದ್ದಳಲ್ಲ, ಅಡುಗೆಮನೆಯಲ್ಲಿ ಆ ಸದ್ದು ನಾನೇ ಮಾಡಿದೆ.

ಆಮೇಲೆ ಕೂತು ಯೋಚಿಸಿದೆ. ಅವಳ ಡಬ್ಬಿಯಲ್ಲಿ ಒಂದು ಮುಷ್ಟಿ ಪಿನ್ನುಗಳಿದ್ದವು. ಎಲ್ಲ ಒಂದೇ ಎಂದುಕೊಂಡು ಮೇಲಿದ್ದದ್ದನ್ನು ತೆಗೆದುಕೊಂಡಿದ್ದೆ. ಅಷ್ಟು ವರ್ಷ ಎದುರು ನಿಂತು ನೋಡಿದೆ, ಅವಳು ಪಿನ್ನನ್ನು ಡಬ್ಬಿಯಿಂದಲ್ಲ, ತಲೆಯಿಂದ ತೆಗೆಯುತ್ತಾಳೆ ಎಂಬುದನ್ನು ನೋಡಲಿಲ್ಲ. ಇದಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇಲ್ಲ.

ತಪಾಸಣೆಯವರು ಮೊನ್ನೆ ಬಂದರು. ಲೈಫ್ ಜಾಕೆಟ್ಟು ಹಾಕಿಕೊಂಡರೆ ಗುಂಡಿ ಕೂರದ ಮನುಷ್ಯ. "ಶಾಪಿನ ಸರ್ಟಿಫಿಕೇಟ್ ಇದ್ರೆ ಕೊಟ್ಬಿಡಿ, ನಾನೂ ಊಟದ ಹೊತ್ತಿಗೆ ಹೋಗ್ತೀನಿ" ಎಂದರು.

"ಇಲ್ಲ ಸ್ವಾಮಿ. ನೀವು ಕೂತ್ಕೊಳ್ಳಿ."

"ಯಾವ ಶಾಪಲ್ಲಿ ಮಾಡ್ಸಿದ್ದು?"

"ಶಾಪಿಗೆ ಹೋಗಿತ್ತು, ಅವರಿಗೆ ಆಗ್ಲಿಲ್ಲ. ವಾಪಸ್ ತಂದು ನಾವೇ ಮಾಡ್ಕೊಂಡ್ವಿ."

ನಾವೇ ಎಂದದ್ದು ಬಾಯಿತಪ್ಪಿ ಅಲ್ಲ. ಮರಳು ಚೀಲ ಹೇರಿದೆವು. ಇನ್ನೂ ಭಾರ ಸಾಲದು ಎಂದು ಅವರು ಕೊಕ್ಕೆ ಹಾಕಿದರು. ನರ್ಸಮ್ಮ ಪೆಟ್ಟಿಗೆಗಳ ಸಮೇತ ಹತ್ತಿ ಕೂತು, "ಭಾರ ತಾನೇ ಬೇಕು, ನಾನಿದ್ದೀನಿ, ಕೆಲಸಾನೂ ಆಗತ್ತೆ" ಎಂದರು.

ಕಟ್ಟೆಯ ಹಗ್ಗ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದೆ, ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಎಂಜಿನ್ನು ಏರಿಸಿದೆ. ಈ ಸಲ ಕಿರುಚಲಿಲ್ಲ, ಗುಟುರು ಹಾಕಿತು. ಹಿಂದಿನ ನೀರು ಬೆಳ್ಳಗೆ ಎದ್ದಿತು, ಮೂತಿ ಮೇಲೆದ್ದಿತು, ಕಟ್ಟೆ ಹಿಂದಕ್ಕೆ ಓಡಿತು. ತಿರುವು ಬಂತು. ಹರಿವು ಎದೆಗೆ ಗುದ್ದುತ್ತಿತ್ತು, ಕೆಳಗೆ ಜಲ್ಲಿ ಕಾಣುತ್ತಿತ್ತು, ನಾನು ಕೈ ಸಡಿಲಿಸಲಿಲ್ಲ. ದಾಟಿತು. ಎಳೆದುಕೊಂಡು ಹೋದ ಹಾಗೆ ದಾಟಿತು.

"ಸಾಕು, ತಿರುಗ್ಸಿ" ಎಂದರು ತಪಾಸಣೆಯವರು.

"ಏನಂದ್ರಿ? ಶಬ್ದಕ್ಕೆ ಕೇಳ್ತಾ ಇಲ್ಲ."

"ಸಾಕು ಅಂದೆ, ಪಾಸಾಯ್ತು, ತಿರುಗ್ಸಿ ಮಾರಾಯ್ರೇ."

ನರ್ಸಮ್ಮ ಹೇಳಿದರು: "ಅವರಿಗೆ ಚೆನ್ನಾಗೇ ಕೇಳ್ತಿದೆ ಸರ್. ಗಟ್ಟಿಯಾಗಿ ಹಿಡ್ಕೊಳ್ಳಿ."

ಮೇಲಿನ ಮನೆಗಳ ತನಕ ಕರೆದುಕೊಂಡು ಹೋದೆ. ಔಷಧಿ ಇಳಿಸಿಯೇ ವಾಪಸು ಬಂದದ್ದು. ಸಹಿ ಬಿತ್ತು. ಆಪೊಸಿಟ್, ಬುಗುರಿ. ಈಕ್ವಲ್ ಅಂಡ್ ಆಪೊಸಿಟ್ ರಿಯಾಕ್ಷನ್. ತಿರುವಿನ ನಡುವೆ ತಾನಾಗಿಯೇ ನೆನಪಾಯಿತು, ಮೇಷ್ಟ್ರಿಗೆ ಹೇಳಲು ಅವರಿಲ್ಲ.

ಪಿನ್ನು ನನ್ನ ಬೋಳು ತಲೆಗೆ ಕೂರುವುದಿಲ್ಲ. ಕನ್ನಡಕದ ದಾರಕ್ಕೆ ಸಿಕ್ಕಿಸಿಕೊಂಡಿದ್ದೇನೆ. ನಗುವವರು ನಗಲಿ.

ಇನ್ನು ನಿನ್ನ ವಿಷಯ. ನಿನ್ನ ಕೊನೆಯ ಕಾಗದದ ಮೇಲೆ ಶಾಪಿನ ಹೆಸರಿರಲಿಲ್ಲ. ಹರಿದ ರಟ್ಟಿನ ಹಿಂಬದಿಯಲ್ಲಿ ಬರೆದಿದ್ದೀಯೆ. ಮ್ಯಾನೇಜರು ಹೆಚ್ಚೇನೂ ಅನ್ನಲಿಲ್ಲ ಎಂದಿದ್ದೀಯೆ. ಸ್ಯಾಟಿಸ್‌ಫ್ಯಾಕ್ಟರಿ ಎಂದು ಬರೆಯಲು ನಿನಗೆ ಬರುವುದಿಲ್ಲ, ಅದಕ್ಕೆ ಕಾಲೇಜಿನ ಇಂಗ್ಲಿಷ್ ಬೇಕು. ಅವರು ಅಂದದ್ದು ನಾಳೆಯಿಂದ ಬರಬೇಡಿ ಎಂಬ ಒಂದೇ ಮಾತು ಇರಬೇಕು, ಆ ಮಾತು ಕೇಳಿ ನೀನು ಪೆಟ್ಟಿಗೆ ಹೊತ್ತುಕೊಂಡು ಗಾಜಿನ ಬಾಗಿಲಿನಿಂದಲೇ ಹೊರಗೆ ಬಂದಿರಬೇಕು. ಹಿಂಬಾಗಿಲಿನಿಂದ ಅಲ್ಲ, ನಿನ್ನನ್ನು ನಾನು ಬಲ್ಲೆ.

ಅಂದಮೇಲೆ ಕೇಳು. ಗುಜರಿಯವರು ಬರುವ ಮೊದಲು ನಿಮ್ಮಪ್ಪನ ಲೇತನ್ನು ಅದೇ ಲಾರಿಗೆ ಹೇರಿಸು, ಜೊತೆಗೆ ನೀನೂ ಹತ್ತು. ಮೇಲಿನ ಮನೆಗಳವರ ಬಳಿ ಇನ್ನೂ ಎರಡು ಬೋಟುಗಳು ಪಂಪು ಕೆಟ್ಟು ಬೋರಲು ಬಿದ್ದಿವೆ, ನನ್ನ ಒಬ್ಬನ ಸೊಂಟಕ್ಕೆ ಆಗದು. ಬೋಟಿನ ಶೆಡ್ಡು ಚಿಕ್ಕದು, ಲೇತು ಬಾಗಿಲಲ್ಲಿ ಹಿಡಿಸುವುದಿಲ್ಲ, ಭಾವನಿಗೆ ಯಾಕೆ ತೊಂದರೆ ಎಂದು ನೀನು ರಾಗ ಎಳೆಯುತ್ತೀಯೆ ಎಂದು ಗೊತ್ತು. ಅದಕ್ಕೇ ನಿನ್ನನ್ನು ಕೇಳಲಿಲ್ಲ.

ನಿನ್ನೆಯೇ ಗೋಡೆ ಒಡೆದಿದ್ದೇನೆ. ಶೆಡ್ಡಿನೊಳಗೆ ನದಿಯ ಗಾಳಿ ನುಗ್ಗುತ್ತಿದೆ, ಬೇಗ ಬಾ.

ನಿನ್ನ ಭಾವ